ತಾಯವ್ವನ ಮೂಗಿಗೆ ಪಾಸಾದ ಕಾಗದ

“ಅವ್ವಾ, ತಾಯವ್ವ ಆಯಿ ಕಾಗದಾ ಯಾಕ ಮೂಸಿ ನೋಡ್ತಾಳ? ಅದರಾಗ ಯಾರರ ಉಂಡಿ ಕಟ್ಟಿರ್ತಾರೇನು?”

ಐದು ವರ್ಷದ ಬನಶ್ರೀ ಹೀಗೆ ಕೇಳಿದಾಗ ಅಂಜನಾ ಅವಳ ಎರಡನೇ ಜಡೆಗೆ ರಿಬ್ಬನ್ ಸುತ್ತುತ್ತಿದ್ದಳು. ಶಾಲೆಯ ಗಾಡಿ ಬರಲು ಇನ್ನು ಕಾಲು ತಾಸು ಉಳಿದಿತ್ತು. ಕಾಲು ತಾಸಿನಲ್ಲಿ ಹೇಳಿ ಮುಗಿಸುವಂಥ ಉತ್ತರ ಅದಕ್ಕಿರಲಿಲ್ಲ.

“ಉಂಡಿ ಇಲ್ಲವಾ. ಆ ಕಾಗದಾ ಒಲಿಗೆ ಹಾಕಬಹುದೋ ಇಲ್ಲೋ ಅಂತ ನೋಡ್ತಾಳ.”

“ಮೂಗಿಲೆ ನೋಡ್ತಾಳ?”

“ಹೂಂ. ಆಕಿ ಮೂಗಿಗೂ ಕಣ್ಣದಾವ.”

ಬನಶ್ರೀ ತನ್ನ ಮೂಗನ್ನೂ ಒಮ್ಮೆ ಮುಟ್ಟಿ ನೋಡಿಕೊಂಡಳು. ಅಲ್ಲಿ ಕಣ್ಣೇನೂ ಸಿಗಲಿಲ್ಲ. ಆದರೆ ಅವತ್ತಿನಿಂದ ಆ ಹುಡುಗಿ ತಾಯವ್ವನ ಮುಂದೆ ಕೂತಾಗಲೆಲ್ಲ ರೊಟ್ಟಿ ನೋಡುವುದನ್ನು ಬಿಟ್ಟು ಮೂಗನ್ನೇ ನೋಡತೊಡಗಿದಳು.

ಬಾಗಲಕೋಟೆಯ ನವನಗರದಲ್ಲಿ ಅಂಜನಾಳ ಮನೆಗೂ ತಾಯವ್ವನ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಗೋಡೆಯ ಆಚೆ ತಗಡಿನ ಸೂರು, ಸೂರಿನ ಕೆಳಗೆ ಮಣ್ಣಿನ ಎರಡು ಒಲೆ, ಒಲೆಯ ಮುಂದೆ ಮಣೆಯ ಮೇಲೆ ತಾಯವ್ವ. ವಯಸ್ಸು ಅರವತ್ತೈದೋ ಎಪ್ಪತ್ತೋ. ಆಧಾರ್ ಕಾರ್ಡು ಒಂದು ಹೇಳುತ್ತದೆ, ತಾಯವ್ವ ಇನ್ನೊಂದು ಹೇಳುತ್ತಾಳೆ, ನಡುವೆ ಬಾಯಿ ಹಾಕಲು ಯಾರಿಗೂ ಧೈರ್ಯವಿಲ್ಲ. ಬೆಳಗ್ಗೆ ಆರಕ್ಕೆ ಶುರುವಾದ ರೊಟ್ಟಿ ಬಡಿಯುವ ಸದ್ದು ಹತ್ತರವರೆಗೆ ನಿಲ್ಲುವುದಿಲ್ಲ. ಸುತ್ತಲಿನ ಮನೆಗಳಲ್ಲಿ ಗಡಿಯಾರ ಇಲ್ಲದವರು ಇಲ್ಲ, ಆದರೆ ಎಚ್ಚರಾಗುವುದು ಮಾತ್ರ ಆ ಸದ್ದಿಗೇ. ನೌಕರಿಗೆ ಹೋಗುವ ಹೆಂಗಸರು, ರೂಮು ಮಾಡಿಕೊಂಡ ಕಾಲೇಜು ಹುಡುಗಿಯರು, ಹಲ್ಲು ಗಟ್ಟಿ ಇರುವ ಇಲ್ಲದಿರುವ ಮುದುಕರು, ಎಲ್ಲರ ಡಬ್ಬಿಗೂ ಆ ಎರಡು ಒಲೆಯ ರೊಟ್ಟಿಯೇ ಆಗಬೇಕು.

ತಾಯಿಗೆ ಹೊಗೆ ತಪ್ಪಲಿ ಎಂದು ಮಗ ನಿಂಗರಾಜ ಗ್ಯಾಸು ತಂದು ಕೊಟ್ಟಿದ್ದಾನೆ. ಅವನು ಟಂಟಂ ರಿಕ್ಷಾ ಓಡಿಸುವವನು. ಹೊಗೆಯ ವಿಷಯ ಬಲ್ಲವನು. ತಾಯವ್ವ ಆ ಗ್ಯಾಸಿನ ಮೇಲೆ ಚಹಾ ಕಾಸುತ್ತಾಳೆ, ಮತ್ತೇನೂ ಇಲ್ಲ.

“ಗ್ಯಾಸಿನ ಮ್ಯಾಲೂ ರೊಟ್ಟಿ ಉಬ್ಬತೈತಿ, ಖರೆ,” ಎನ್ನುತ್ತಾಳೆ. “ಆದ್ರ ಸಿಟ್ಟಿಲೆ ಉಬ್ಬತೈತಿ. ಒಲಿ ಮ್ಯಾಲೆ ಪ್ರೀತಿಲೆ ಉಬ್ಬತೈತಿ.”

ಮೂರು ವರ್ಷದ ಹಿಂದೆ ಅಂಜನಾ ಈ ಮನೆಗೆ ಬಾಡಿಗೆ ಬಂದಾಗ ಆಕೆಗೆ ಇದೆಲ್ಲ ತಿಳಿದಿರಲಿಲ್ಲ. ತವರು ಹುನಗುಂದ, ಕೊಟ್ಟದ್ದು ಇಳಕಲ್ಲಿಗೆ, ಗಂಡ ಸಂಗಮೇಶನಿಗೆ ಬಾಗಲಕೋಟೆಯ ಕಾಲೇಜಿನಲ್ಲಿ ಕೆಲಸ. ಸಾಮಾನು ಬಿಚ್ಚಿದ ಮೇಲೆ ಮನೆ ತುಂಬ ಕಾಗದದ ರಾಶಿ. ಪಕ್ಕದಲ್ಲಿ ಒಲೆ ಉರಿಸುವ ಹಿರಿಯಾಕೆ ಇದ್ದಾಳೆ, ಉಪಯೋಗಕ್ಕೆ ಬಂದೀತು ಎಂದು ಒಂದು ತೆಕ್ಕೆ ಕಾಗದ ಒಯ್ದು ಒಲೆಯ ಹತ್ತಿರ ಸುರಿದಳು. ಕೃತಜ್ಞತೆಯ ಒಂದು ಮಾತು ಬಂದೀತೆಂದು ನಿಂತಳು. ಬಂದದ್ದು ವಿಚಾರಣೆ.

“ಇದೇನವಾ?”

“ಲಗ್ನಪತ್ರಿಕಿರಿ ದೊಡ್ಡವ್ವಾ. ಗಟ್ಟಿ ಅದಾವು, ಚಲೋ ಹತ್ತತಾವು.”

ತಾಯವ್ವ ಪತ್ರಿಕೆಯನ್ನು ಬೆಳಕಿಗೆ ಹಿಡಿದು, ಅಂಜನಾಳ ಮುಖದ ಮುಂದೆ ತಂದಳು. “ಕುಂಕುಮ ಸರಿ ಮಾಡಿಕೋ, ಅದರಾಗ ಕಾಣತೈತಿ. ಕನ್ನಡಿ ಹಾಂಗ ಹೊಳಿಯೂ ಕಾಗದಾ ಒಲಿಗೆ ಬರೂದಿಲ್ಲ. ಮ್ಯಾಲೆ ಗಣಪ್ಪ ಬ್ಯಾರೆ ಕುಂತಾನ. ಗಣಪ್ಪನ್ನ ಸುಟ್ಟು ನಿನಗ ರೊಟ್ಟಿ ಬೇಯಿಸಿ ಕೊಡ್ಲೇನು?”

ಪತ್ರಿಕೆಗಳು ಒಂದು ಕಡೆ ಹೋದವು. ಆಮೇಲೆ ಚಹಾದ ಕಾಗದದ ಕಪ್ಪು. ತಾಯವ್ವ ಅದನ್ನು ಮೆಲ್ಲಗೆ ಹರಿದಳು. ಕಾಗದ ಹರಿಯಿತು, ಆದರೆ ಒಳಗಿನಿಂದ ತೆಳುವಾದ ಪೊರೆಯೊಂದು ಹರಿಯದೆ ಜಗ್ಗಿಕೊಂಡು ಬಂತು.

“ನೋಡು, ಹಾಲಿನ ಕೆನಿ ಹಾಂಗ ಬಂತು. ಇದು ಕಾಗದಲ್ಲ. ಕಾಗದದ ಸೀರಿ ಉಟ್ಟ ಪ್ಲಾಸ್ಟಿಕ್ಕು.”

ಅಂಗಡಿಯ ಬಿಲ್ಲುಗಳಿಗೆ ಬೇರೆ ಪರೀಕ್ಷೆ. ಉಗುರಿನಿಂದ ಒಂದು ಗೆರೆ ಎಳೆದಳು. ಗೆರೆ ಎಳೆದಲ್ಲೆಲ್ಲ ಕಾಗದ ಕರ್ರಗಾಯಿತು. “ಪೆನ್ನಿಲ್ಲದ ಬರಿಯೂ ಕಾಗದಾ! ಇದರ ಹೊಟ್ಟ್ಯಾಗ ಏನ ಮದ್ದು ಐತೋ. ಉಗುರಿಗೆ ಹತ್ತಿದ್ದು ಹೊಟ್ಟಿಗೂ ಹತ್ತತೈತಿ, ತಿಳೀತೇನು?” ಸೀರೆಯ ಡಬ್ಬಿಯ ಹೊಳೆಯುವ ಮುಚ್ಚಳ ನಪಾಸು, ಒಳಗಿನ ಕಂದು ರಟ್ಟು ಪಾಸು. ಪೇಪರಿನ ಬಣ್ಣದ ಜಾಹೀರಾತಿನ ಹಾಳೆ ನಪಾಸು, ಕಪ್ಪು-ಬಿಳಿಯ ಒಳಹಾಳೆ ಪಾಸು. ಪಾಸಾದದ್ದನ್ನೂ ಒಮ್ಮೆ ಮೂಗಿಗೆ ಹಿಡಿದು, ಎಣ್ಣೆ, ಔಷಧಿ, ಅತ್ತರು ಯಾವ ವಾಸನೆಯೂ ಇಲ್ಲವೆಂದು ಗೊತ್ತಾದ ಮೇಲೆಯೇ ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡಳು. ತೆಕ್ಕೆ ತುಂಬ ಒಯ್ದಿದ್ದ ಅಂಜನಾ ಮುಕ್ಕಾಲು ತೆಕ್ಕೆ ಹೊತ್ತುಕೊಂಡು ವಾಪಸು ಬಂದಳು.

ಬನಶ್ರೀ ಅಕ್ಷರ ಕಲಿಯಲು ಶುರು ಮಾಡಿದ ಮೇಲೆ ಇನ್ನೊಂದು ಕಾನೂನು ಹುಟ್ಟಿತು. ಹುಡುಗಿಯ ಹರಿದ ನೋಟುಬುಕ್ಕಿನ ಹಾಳೆ ಎಷ್ಟೇ ಒಳ್ಳೆಯದಿದ್ದರೂ ಒಲೆಗೆ ಹೋಗಕೂಡದು.

“ಯಾಕ್ರಿ ದೊಡ್ಡವ್ವಾ? ಪೇಪರಿನ್ಯಾಗೂ ಅಕ್ಷರ ಅದಾವಲ್ರಿ?”

“ಅವು ನಿನ್ನಿನ ಸುದ್ದಿಯವು, ಹಳಸಿದ್ದಾವು. ಕೂಸಿನ ಅಕ್ಷರ ಈಗ ಹುಟ್ಯಾವು. ಅವನ್ನ ಹ್ಯಾಂಗ ಸುಡ್ತಿ?”

ಓದು ಬರಹ ಬಾರದ ತಾಯವ್ವನ ಗೂಡಿನಲ್ಲಿ, ಅರಿಷಿಣ ಕುಂಕುಮದ ಬಟ್ಟಲ ಪಕ್ಕದಲ್ಲಿ, ಬನಶ್ರೀ ಸೊಟ್ಟಗೆ ಬರೆದ ಅ ಆ ಇ ಈ ಹಾಳೆಗಳ ಕಟ್ಟು ಈಗಲೂ ಇದೆ.

ಸಣ್ಣ ಕಟ್ಟಿಗೆಯ ವಿಷಯದಲ್ಲೂ ಆಕೆಯ ಕಟ್ಟುನಿಟ್ಟು ಕಡಿಮೆಯದಲ್ಲ. ತೊಗರಿಯ ಕಟ್ಟಿಗೆ ಒಳ್ಳೆಯದು. ಬೇಗ ಹತ್ತುತ್ತದೆ, ಹಂಚು ಹದವಾಗುತ್ತದೆ. ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಒಳ್ಳೆಯದು, ಆದರೆ ಒಳಗೂ ಒಣಗಿರಬೇಕು. ಎರಡನ್ನು ಒಂದಕ್ಕೊಂದು ಬಡಿದರೆ ಟಕ್ ಎನ್ನಬೇಕು, ದಪ್ಪ್ ಎನ್ನಬಾರದು. ಹತ್ತಿಕಟ್ಟಿಗೆ ಆ ವರ್ಷದ್ದಾದರೆ ಬೇಡ, ಅದಕ್ಕೆ ಹುಳ ಸಾಯುವ ಎಣ್ಣೆ ಹೊಡೆದಿರುತ್ತಾರೆ, ಒಂದು ಮಳೆಗಾಲ ತೊಯ್ದು ಒಣಗಲಿ. ಕಣಗಿಲದ ಕಡ್ಡಿ, ಕಳ್ಳಿ ಇವೆರಡೂ ವಿಷ, ಅಂಗಳಕ್ಕೂ ಬರಬಾರದು. ಓಣಿಯಲ್ಲಿ ಯಾರಾದರೂ ಕ್ಯಾರಿಬ್ಯಾಗಿನ ಚೂರಿನಿಂದ ನೀರಿನೊಲೆ ಹಚ್ಚಿದರೆ ತಾಯವ್ವನ ಮೂಗು ಮೂರು ಮನೆ ಆಚೆಯಿಂದ ಹಿಡಿಯುತ್ತದೆ. “ಯಾರವಾ ಅದು, ನಮ್ಮ ಓಣಿಗೆ ಹೊಗಿ ಹಾಕಾಕತ್ತಾವ್ರು?” ಎಂಬ ಕೂಗು ಬಂತೆಂದರೆ, ಮೂರನೇ ಮನೆಯಲ್ಲಿ ಚೊಂಬು ನೀರು ಸುರಿದ ಚುಂಯ್ ಸದ್ದು ಕೇಳುತ್ತದೆ.

ಈ ಮೂಗು ಹುಟ್ಟಿನಿಂದ ಬಂದದ್ದಲ್ಲ. ಹದಿನೆಂಟರ ಪ್ರಾಯದಲ್ಲಿ ತಾಯವ್ವ ಹಳೇ ಬಾಗಲಕೋಟೆಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಸೇರಿದಳು. ಖಾನಾವಳಿಯ ಒಡತಿ ಮಲ್ಲಮ್ಮ ಮಾತು ಕಡಿಮೆ, ಕಣ್ಣು ಜಾಸ್ತಿ ಎಂಬಂಥ ಹೆಂಗಸು. ಒಂದು ಮಳೆಗಾಲದ ಮುಂಜಾನೆ ಕಟ್ಟಿಗೆ ಹಸಿಯಾಗಿತ್ತು, ಒಲೆ ಹತ್ತಲೊಲ್ಲದು. ತಾಯವ್ವ ಊದುಗೊಳವಿ ಊದಿ ಊದಿ ಸಾಕಾಗಿ, ಹಿತ್ತಲಲ್ಲಿ ಬಿದ್ದಿದ್ದ ಸೈಕಲ್ ಟ್ಯೂಬಿನ ಒಂದು ತುಂಡು ತಂದು ಒಲೆಗೆ ಹಾಕಿದಳು. ಒಲೆ ಭಗ್ಗೆಂದು ಹತ್ತಿತು. ಆದರೆ ಮಧ್ಯಾಹ್ನ ಊಟಕ್ಕೆ ಕೂತ ಸಂತೆಯ ಮಂದಿ ಮೊದಲ ತುತ್ತಿಗೇ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಒಬ್ಬ, “ಯಕ್ಕಾ, ರೊಟ್ಟಿ ಪಂಕ್ಚರ್ ಆಗೇತಿ ನೋಡ್ರಿ,” ಎಂದ. ಎಲ್ಲರೂ ನಕ್ಕು ಎದ್ದು ಹೋದರು. ಮಲ್ಲಮ್ಮ ಬೈಯಲಿಲ್ಲ. ಒಂದು ಬುಟ್ಟಿ ರೊಟ್ಟಿಯನ್ನು ತಾಯವ್ವನ ಮುಂದೆ ಇಟ್ಟು, “ಒಂದೊಂದ ಮೂಸು,” ಎಂದಳು. ಅವತ್ತು ನೂರು ರೊಟ್ಟಿ ಮೂಸಿದ ಮೂಗು ಆಮೇಲೆ ಮೂಸುವುದನ್ನು ಬಿಡಲೇ ಇಲ್ಲ.

ಇದನ್ನು ತಾಯವ್ವನೇ ಎಷ್ಟೋ ಸಲ ನಕ್ಕು ಹೇಳಿದ್ದಾಳೆ. ಹೇಳದೆ ಉಳಿದದ್ದು ಬಾಗಿಲಿನ ಕಥೆ.

ಈ ವರ್ಷದ ದೀಪಾವಳಿ ಕಳೆದ ಎಂಟು ಹತ್ತು ದಿನಕ್ಕೆ, ಅಂಜನಾ ಹಬ್ಬ ಮುಗಿಸಿ ಇಳಕಲ್ಲಿನಿಂದ ಮರಳಿದ ಮೇಲೆ, ಅದು ಹೊರಬಿತ್ತು. ಬೆಳಗ್ಗೆ ಆರೂವರೆಗೆ ಅಂಜನಾ ಮಗಳನ್ನು ಗೋಡೆಯ ಮೇಲಿಂದ ಎತ್ತಿ ಆಚೆ ಇಳಿಸುವುದು, ತಾಯವ್ವ ಮೊದಲ ಹಿಟ್ಟಿನಲ್ಲಿ ಅಂಗೈಯಗಲದ ಮರಿರೊಟ್ಟಿ ಮಾಡಿ ಬೆಣ್ಣೆ ಹಚ್ಚಿ ಕೊಡುವುದು, ಬನಶ್ರೀ ಒಲೆಯ ಪಕ್ಕ ಕೂತು ತಿನ್ನುವುದು, ಇದು ದಿನದ ಪದ್ಧತಿ. ಮನೆಯಲ್ಲಿ ಎರಡು ತುತ್ತಿಗೆ ಎರಡು ತಾಸು ಮಾಡುವ ಹುಡುಗಿ ಅಲ್ಲಿ ಎರಡು ರೊಟ್ಟಿ ಮುಗಿಸಿ ಬರುತ್ತಿದ್ದಳು. ಅಂಜನಾಳಿಗೂ ಆ ಅರ್ಧ ತಾಸು ಅಡುಗೆಗೆ ಸಿಗುತ್ತಿತ್ತು.

“ಅವ್ವಾ, ನೋಡ ಬಾ! ಆಯಿ ಒಲ್ಯಾಗ ಹಸರು ಬೆಂಕಿ!”

ಅಂಜನಾ ಗೋಡೆಯ ಮೇಲಿಂದ ಬಗ್ಗಿ ನೋಡಿದಳು. ಪಾಸಾದ ಪೇಪರಿನ ಮೇಲೆ, ತೊಗರಿ ಕಟ್ಟಿಗೆಯ ಕೆಳಗೆ, ಗೇಣುದ್ದದ ಒಂದು ಚಕ್ಕೆ ಉರಿಯುತ್ತಿತ್ತು. ಅದರ ಒಂದು ಮೈಗೆ ದಪ್ಪನೆಯ ಹಸಿರು ಬಣ್ಣ. ಬಣ್ಣ ಬೊಬ್ಬೆಯೆದ್ದು ಪಟ್ ಪಟ್ ಎಂದು ಒಡೆಯುತ್ತಿತ್ತು, ಉರಿಯ ಅಂಚು ಹಸಿರಾಗಿ ಹೊಗೆ ಕಪ್ಪಾಗಿ ಏಳುತ್ತಿತ್ತು. ಗಂಟಲಿಗೆ ಏನೋ ಅಡರಿದಂತಾಗಿ ಅಂಜನಾ ಕೆಮ್ಮಿದಳು. ತಾಯವ್ವ ಮಾತ್ರ ಕಣ್ಣು ಅರ್ಧ ಮುಚ್ಚಿ, ಊದಿನಕಡ್ಡಿಯ ಮುಂದೆ ಕೂತವರ ಹಾಗೆ ಕೂತಿದ್ದಳು.

ಬನಶ್ರೀ ಹೊಟ್ಟೆಯಲ್ಲಿದ್ದಾಗ ದವಾಖಾನೆಯ ಡಾಕ್ಟರಮ್ಮ ಹೇಳಿದ್ದ ಮಾತು ಅಂಜನಾಳಿಗೆ ನೆನಪಾಯಿತು. ಇಳಕಲ್ಲಿನ ಮನೆಯ ಕಿಟಕಿಗಳ ಬಣ್ಣ ಕೆರೆಯಲು ಹೊರಟವಳನ್ನು ಆಕೆ ತಡೆದಿದ್ದಳು: ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುತ್ತದೆ, ಅದರ ಪುಡಿ, ಹೊಗೆ ಎರಡೂ ಸಣ್ಣ ಮಕ್ಕಳಿಗೆ ಒಳ್ಳೆಯದಲ್ಲ. ಅಂಥ ಬಣ್ಣ ಈಗ ಮಗಳ ಮೂಗಿನಿಂದ ಎರಡು ಮೊಳ ದೂರದಲ್ಲಿ ಉರಿಯುತ್ತಿದೆ. ಅದರ ಮೇಲೆ ಹಂಚು, ಹಂಚಿನ ಮೇಲೆ ಮಗಳ ರೊಟ್ಟಿ.

ಹೇಳಿಬಿಡಬಹುದಿತ್ತು. ಆದರೆ ಒಲೆಯ ವಿಷಯದಲ್ಲಿ ತಾಯವ್ವನಿಗೆ ಬುದ್ಧಿ ಹೇಳುವುದೆಂದರೆ ತುಳಸಿಗೇರಿ ಹನಮಪ್ಪನಿಗೆ ಗುಡ್ಡ ಹೇಗೆ ಎತ್ತಬೇಕೆಂದು ಹೇಳಿಕೊಟ್ಟ ಹಾಗೆ. ಹೇಳದೆ ಮಗಳನ್ನು ಕಳಿಸುವುದನ್ನು ನಿಲ್ಲಿಸಬಹುದಿತ್ತು. ಆಗ ತಾಯವ್ವ ಏನೆಂದುಕೊಂಡಾಳು? ಎರಡೂ ದಾರಿ ಬೇಡವೆನಿಸಿ, ಬುದ್ಧಿವಂತರೆಲ್ಲ ಮಾಡುವಂತೆ ಅಂಜನಾ ಒಂದು ಸುತ್ತುದಾರಿ ಹಿಡಿದಳು. ತವರಿಗೆ ಫೋನು ಮಾಡಿದಳು. ಎರಡನೇ ದಿನ ಆಕೆಯ ತಮ್ಮ ಲಕ್ಷ್ಮಣ ಹುನಗುಂದದಿಂದ ಒಂದು ಹೊರೆ ತೊಗರಿ ಕಟ್ಟಿಗೆ, ಒಂದು ಚೀಲ ಗೋವಿನಜೋಳದ ಬೆಂಡು ಹೊತ್ತು ಬಸ್ಸಿಳಿದ. “ಬಸ್ಸಿನ್ಯಾಗ ಎಲ್ಲಾರೂ ಕೇಳಿದ್ರಕ್ಕಾ, ಬಾಗಲಕೋಟ್ಯಾಗ ಯಾರ ಹೆಣಾ ಸುಡಾಕ ಹೊಂಟೀರಿ ಅಂತ,” ಎಂದು ಗೊಣಗಿದ.

ತಾಯವ್ವ ಬೆಂಡುಗಳನ್ನು ಒಂದಕ್ಕೊಂದು ಬಡಿದಳು. ಟಕ್. ತೊಗರಿ ಕಡ್ಡಿ ಮುರಿದಳು. ಲಟಕ್. ಮೂಸಿದಳು. ಮುಖ ಅರಳಿತು.

“ನಿನ್ನ ತವರವರು ಮಂದಿ ಚಲೋ ಅದಾರವಾ. ಅಳಿಯಾನ್ನ ಆರಿಸೂ ಮುಂದೂ ಹಿಂಗ ಬಡದ ನೋಡಿದ್ರೋ ಇಲ್ಲೋ?”

“ಅವ್ರು ಟಕ್ ಅಂದ್ರಂತ್ರಿ, ಅದಕ್ಕ ಕೊಟ್ಟಾರ,” ಎಂದಳು ಅಂಜನಾ. “ಇನ್ನ ಒಲಿ ಹಚ್ಚಾಕ ಇವ ಸಾಕಲ್ರಿ ದೊಡ್ಡವ್ವಾ. ಆ ಬಣ್ಣದ ಚಕ್ಕಿ ಯಾಕ ಬೇಕ್ರಿ?”

“ಇವೂ ಬೇಕು. ಮೊದಲ ಅದು, ಆಮ್ಯಾಲೆ ಇವು.” ತಾಯವ್ವ ಮಣೆಯ ಪಕ್ಕದ ತನ್ನ ಹಳೆಯ ಗೋಣಿಚೀಲದಿಂದ ಇನ್ನೊಂದು ಹಸಿರು ಚಕ್ಕೆ ತೆಗೆದಳು.

“ಒಂಥರಾ ವಾಸನಿ ಬರ್ತೈತಲ್ರಿ ಅದು?”

“ಬರ್ತೈತಿ!” ತಾಯವ್ವನ ಕಣ್ಣು ಹೊಳೆದವು. “ನಿನಗೂ ಬಂತೇನು? ದೀಪಾವಳಿ ವಾಸನಿ ಅದು.”

ಅವತ್ತು ಕಥೆ ಬಂತು. ತಾಯವ್ವನ ಮೊದಲಿನ ಮನೆ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಹಳೇ ಊರಿನ ತಗ್ಗಿನ ಓಣಿಗಳಿಗೆ ನೀರು ಬರುತ್ತದೆ ಎಂದು ಖಾತ್ರಿಯಾದಾಗ ಎಲ್ಲರೂ ಮಾಡಿದ್ದನ್ನೇ ಆಕೆಯ ಗಂಡ ಗುರಪ್ಪನೂ ಮಾಡಿದ: ಗೋಡೆ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ಬಂಡಿಗೆ ಹೇರಿದ. ಜಂತಿ, ಕಿಟಕಿಯ ಸರಳು, ಬೀಸುಕಲ್ಲು, ಸಾಗುವಾನಿಯ ಒಂಟಿ ಕದದ ಬಾಗಿಲು. ಆ ಬಾಗಿಲೆಂದರೆ ಗುರಪ್ಪನಿಗೆ ಪ್ರಾಣ. ಪ್ರತಿ ದೀಪಾವಳಿಗೆ ತಾನೇ ಕೂತು ಹಸಿರು ಎಣ್ಣೆಬಣ್ಣ ಬಳಿಯುತ್ತಿದ್ದ, ಹಳೆಯದನ್ನು ಕೆರೆಯದೆ, ಬಣ್ಣದ ಮೇಲೆ ಬಣ್ಣ.

“ಅರ್ಧಾ ಬಾಗಲಕ್ಕ ಹಚ್ಚಾಂವ, ಅರ್ಧಾ ಹೊಸ್ತಲಕ್ಕ. ಉಳದಿದ್ದು ಅವನ ಮೀಸಿಗೆ,” ಎಂದು ತಾಯವ್ವ ನಕ್ಕಳು. “ಲಕ್ಷ್ಮೀಪೂಜಿ ದಿವಸ ಮನಿ ತುಂಬ ಇದ ವಾಸನಿ. ನಾ ಬೈತಿದ್ದೆ, ಹೋಳಗಿಗೂ ಬಣ್ಣದ ವಾಸನಿ ಹತ್ತೈತಿ ಅಂತ.”

ಹೊಸ ಮನೆಗೆ ಕಬ್ಬಿಣದ ಬಾಗಿಲು ಬಂತು. ಹಳೆಯದು ಹಿತ್ತಲ ಗೋಡೆಗೆ ಆನಿಕೊಂಡು ಇಪ್ಪತ್ತು ವರ್ಷದ ಮೇಲೆ ನಿಂತಿತು; ಗುರಪ್ಪ ತೀರಿಕೊಂಡ ಮೇಲೂ ನಿಂತಿತ್ತು. ಈ ಮಳೆಗಾಲದಲ್ಲಿ ಬುಡ ಕೊಳೆತು ಒಂದು ದಿನ ದಢಾರನೆ ಬಿತ್ತು. ನಿಂಗರಾಜ ಅದನ್ನು ಕೊಡಲಿಯಿಂದ ಸೀಳಿ ಹಾಕಿದ. ತಾಯವ್ವ ಚಕ್ಕೆಗಳನ್ನೆಲ್ಲ ಆಯ್ದು ಚೀಲ ತುಂಬಿದಳು. ದೀಪಾವಳಿಯಿಂದ ದಿನಕ್ಕೊಂದು ಚಕ್ಕೆ.

ಇಷ್ಟು ಕೇಳಿದ ಮೇಲೆ ಅಂಜನಾಳಿಗೆ ಕಾಗದದೊಳಗಿನ ಕೂದಲೆಳೆ ಪೊರೆ ಹಿಡಿಯುವ ಮೂಗು ಇಲ್ಲಿ ಯಾಕೆ ಸೋತಿದೆ ಎಂದು ಗೊತ್ತಾಯಿತು. ಗೊತ್ತಾದದ್ದರಿಂದ ಹೇಳುವುದು ಮತ್ತಷ್ಟು ಕಷ್ಟವಾಯಿತು. ಮರುದಿನದಿಂದ ಆಕೆ ಮಗಳನ್ನು ಗೋಡೆ ದಾಟಿಸಲಿಲ್ಲ.

“ಯಾಕವಾ, ಕೂಸು ಬರಲಿಲ್ಲ?”

“ನೆಗಡಿ ಆಗೇತ್ರಿ ದೊಡ್ಡವ್ವಾ.”

ಮೊದಲ ದಿನ ನೆಗಡಿ, ಎರಡನೇ ದಿನ ಸ್ವಲ್ಪ ನೆಗಡಿ. ಮೂರನೇ ದಿನ ಬನಶ್ರೀ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ನಿಂತು ಗೋಡೆಯಾಚೆ ಕೂಗಿದಳು: “ಆಯೀ, ನನಗ ನೆಗಡಿ ಇಲ್ಲ! ಅವ್ವ ಸುಳ್ಳ ಹೇಳಾಕತ್ತಾಳ!”

ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ತಾಯವ್ವನೇ ಮುಂಬಾಗಿಲಿನಿಂದ ಬಂದಳು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಮರಿರೊಟ್ಟಿ. ಮೂರು ವರ್ಷದಲ್ಲಿ ಆಕೆ ಒಲೆ ಉರಿಯುವಾಗ ಬಿಟ್ಟು ಬಂದದ್ದು ಅದೇ ಮೊದಲು.

“ನನ್ನ ಕೈಯಾಗ ಏನರ ತಪ್ಪಾತೇನವಾ? ಹೇಳು. ನೆಗಡಿ ಕಥಿ ಬ್ಯಾಡ.”

ಅಂಜನಾ ಬಾಯಿ ತೆರೆಯುವಷ್ಟರಲ್ಲಿ ಬನಶ್ರೀ ಆಯಿಯ ಸೀರೆ ಜಗ್ಗಿ, “ಬಾ, ನನ್ನ ಒಲಿ ನೋಡು,” ಎಂದು ಮೂಲೆಗೆ ಎಳೆದುಕೊಂಡು ಹೋದಳು. ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು. ಪಕ್ಕದಲ್ಲಿ ಅವಳ ಕಚೇರಿ. ಮಣೆ ಮೇಲೆ ಕಾಲು ಮಡಚಿ, ತಾಯವ್ವನ ಹಾಗೆಯೇ ಬೆನ್ನು ಬಾಗಿಸಿ ಕೂತಳು. ಪೇಪರಿನ ಚೂರು ತೆಗೆದು ಮೂಸಿದಳು. “ಪಾಸ್.” ಚಾಕ್ಲೇಟಿನ ಕಾಗದ ತೆಗೆದಳು. “ಹೊಳೀತೈತಿ. ಫೇಲ್.” ತಾಯವ್ವನ ತುಟಿಯ ಮೇಲೆ ನಗು ಬಂತು. ಹುಡುಗಿ ಮಣೆಯ ಕೆಳಗೆ ಕೈ ಹಾಕಿ ಒಂದು ಹಸಿರು ಚಕ್ಕೆ ತೆಗೆದಳು. ಎಂದೋ ಆಯಿಯ ಚೀಲದಿಂದ ಆಟಕ್ಕೆಂದು ತಂದಿಟ್ಟುಕೊಂಡಿದ್ದಳು. ಮೂಸಿದಳು, ಮೂಗು ಸುಕ್ಕಿಸಿದಳು. ಉಗುರಿನಿಂದ ಗೀರಿದಳು.

“ಫೇಲ್.”

“ಯಾಕ ಫೇಲು?” ತಾಯವ್ವನ ದನಿ ಮೆಲ್ಲಗಿತ್ತು.

ಬನಶ್ರೀ ಬೆರಳು ಎತ್ತಿ ತೋರಿಸಿದಳು. ಉಗುರಿನೊಳಗೆ ಹಸಿರು ಪುಡಿ. “ಉಗುರಿಗೆ ಹತ್ತೈತಿ. ಉಗುರಿಗೆ ಹತ್ತಿದ್ದು ಹೊಟ್ಟಿಗೂ ಹತ್ತತೈತಿ ಅಂತ ನೀನ ಹೇಳಿಲ್ಲ?”

ಅಂಜನಾ ಮೊದಲು ಮಗಳನ್ನು ಎತ್ತಿ ಒಯ್ದು ಸಾಬೂನು ಹಚ್ಚಿ ಕೈ ತೊಳೆದಳು, ಉಗುರು ಕತ್ತರಿಸಿದಳು. ಆಮೇಲೆ ಡಾಕ್ಟರಮ್ಮ ಹೇಳಿದ್ದನ್ನು ಇದ್ದದ್ದು ಇದ್ದಂತೆ ಹೇಳಿದಳು. ಇಷ್ಟು ಸಣ್ಣ ಮಾತಿಗೆ ಹುನಗುಂದದಿಂದ ಕಟ್ಟಿಗೆ ತರಿಸಿದೆನಲ್ಲ ಎಂದು ಹೇಳುವಾಗ ಆಕೆಗೇ ನಾಚಿಕೆಯಾಯಿತು. ತಾಯವ್ವ ತಂದಿದ್ದ ಮರಿರೊಟ್ಟಿಯನ್ನು ಮೂಗಿಗೆ ಹಿಡಿದಳು, ಬಹಳ ಹೊತ್ತು ಹಿಡಿದಳು. ಮತ್ತೆ ಬಟ್ಟೆಯಲ್ಲಿ ಸುತ್ತಿ, ಬಂದ ದಾರಿಯಲ್ಲಿ ಹೋದಳು.

ಮರುದಿನ ಆರಕ್ಕೆ ರೊಟ್ಟಿಯ ಸದ್ದಿಲ್ಲ. ಸುತ್ತಲಿನ ಮನೆಗಳು ಏಳುವುದೇ ಏಳೂವರೆಯಾಯಿತು. ಖಾಲಿ ಡಬ್ಬಿ ಹಿಡಿದು ಬಂದವರು ತಾಯವ್ವನ ಗೇಟಿನ ಮುಂದೆ ನಿಂತು ಗಡಿಯಾರಕ್ಕೂ ಒಬ್ಬರಿಗೊಬ್ಬರಿಗೂ ಬೈದರು. “ಅವ್ವ ಇವತ್ತ ರಜಾ ಅಂದಾಳ್ರಿ,” ಎಂದು ನಿಂಗರಾಜ ಎಲ್ಲರಿಗೂ ಕೈಮುಗಿದ. ಅಂಜನಾಳ ಕೈಗೆ ಕೆಲಸ ಹತ್ತಲಿಲ್ಲ. ಸಂಗಮೇಶ ಬ್ರೆಡ್ಡು ತಿಂದು ಹೋದ. ಬನಶ್ರೀ ಅದನ್ನೂ ಮೂಸಿ ಪಕ್ಕಕ್ಕಿಟ್ಟಳು. ಎರಡನೇ ದಿನವೂ ಹಾಗೆಯೇ. ಒಂದು ಚಕ್ಕೆಗೆ ಓಣಿಯ ರೊಟ್ಟಿಯನ್ನೇ ಕಳೆದೆನೇ ಎಂದು ಅಂಜನಾ ಗೋಡೆಯ ಹತ್ತಿರ ಹೋಗುವುದು, ಕೂಗಲು ಬಾಯಿ ಬಾರದೆ ವಾಪಸು ಬರುವುದು ಮಾಡಿದಳು.

ಮೂರನೇ ದಿನ ಆರಕ್ಕೆ ಪಟ್ ಪಟ್ ಪಟ್.

ಅಂಜನಾ ಓಡಿ ಹೋಗಿ ಬಗ್ಗಿ ನೋಡಿದಳು. ಎರಡೂ ಒಲೆ ಹೊಸದಾಗಿದ್ದವು. ಒಳಗಿನ ಹಳೆಯ ಬೂದಿ, ಕರಿ ಎಲ್ಲ ಕೆರೆದು ತೆಗೆದು, ಹೊಸ ಮಣ್ಣು ಮೆತ್ತಿ ಸಾರಿಸಿ, ಎರಡು ದಿನ ಒಣಗಲು ಬಿಟ್ಟಿದ್ದಳು ತಾಯವ್ವ. ಹಂಚನ್ನು ಬೆಳಗಿ ಬೆಳಗಿ ಕನ್ನಡಿಯಾಗಿಸಿದ್ದಳು. ಕೆಳಗೆ ಪೇಪರಿನ ಒಳಹಾಳೆ, ಅದರ ಮೇಲೆ ಹುನಗುಂದದ ತೊಗರಿ ಕಡ್ಡಿ. ಬೇರೇನೂ ಇರಲಿಲ್ಲ.

“ಸಿಟ್ಟಾಗೀರೇನ್ರಿ ದೊಡ್ಡವ್ವಾ?”

“ಆಗೇನಿ. ನಿನ್ನ ಮ್ಯಾಲಲ್ಲ, ಈ ಮೂಗಿನ ಮ್ಯಾಲೆ.” ತಾಯವ್ವ ಹಿಟ್ಟಿನ ಕೈಯಿಂದಲೇ ಮೂಗಿಗೆ ಒಂದು ಏಟು ಹಾಕಿಕೊಂಡಳು; ಮೂಗು ಬೆಳ್ಳಗಾಯಿತು. “ಮಂದಿ ಮನಿ ಕಾಗದಾ ಎಲ್ಲಾ ಮೂಸ್ತು. ನಮ್ಮ ಮನಿ ಬಾಗಲಾ ಮೂಸಂದ್ರ, ನಿಮ್ಮ ದೊಡ್ಡಪ್ಪನ ಹೆಸರ ಹೇಳಿ ಪಾಸ ಮಾಡ್ತು.” ಆಮೇಲೆ ದನಿ ತಗ್ಗಿಸಿದಳು. “ಕೂಸಿಗೆ ಏನೂ ಆಗಿಲ್ಲಲ್ಲ?”

“ಡಾಕ್ಟರ್ ಹತ್ರ ತೋರಿಸಿಕೊಂಡು ಬಂದೇನ್ರಿ. ಏನಿಲ್ಲ ಅಂದ್ರು. ಬನಶ್ರೀನ ಸ್ಟೆತಾಸ್ಕೋಪ್ ಮೂಸಿ ನೋಡಿ ಅವ್ರನ್ನ ಫೇಲ್ ಮಾಡಿ ಬಂದಾಳ, ಅಷ್ಟ.”

ತಾಯವ್ವ ಜೋರಾಗಿ ನಕ್ಕಳು. ಎರಡು ದಿನದಿಂದ ನಗದ ನಗು ಒಮ್ಮೆಲೇ ಬಂದು ಕೆಮ್ಮಾಯಿತು. ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳು. ಸೂರಿನ ಮೂಲೆಯಿಂದ ಒಂದು ಚೀಲವನ್ನು ಎಳೆದು ತಂದು ಗೋಡೆಯ ಮೇಲಿಟ್ಟಳು. ಬಾಯಿಯನ್ನು ದಬ್ಬಣದಿಂದ ಗಟ್ಟಿಯಾಗಿ ಹೊಲಿದಿತ್ತು. ಗೋಣಿಯೊಳಗಿಂದ ಬಾಗಿಲಿನ ಚಿಲಕದ ಆಕಾರ ಎದ್ದು ಕಾಣುತ್ತಿತ್ತು.

“ಒಂದು ಉಪಕಾರ ಮಾಡು ಅಂಜನವ್ವಾ. ಇದನ್ನ ನಿಮ್ಮ ಅಟ್ಟದ ಮ್ಯಾಲೆ ಇಡು, ಕೂಸಿನ ಕೈಗೆ ಸಿಗದ್ಹಾಂಗ. ಒಗಿ ಅಂದ್ರ ನನ್ನ ಕೈಲೆ ಒಗಿಯಾಕ ಆಗೂದಿಲ್ಲ. ನನ್ನ ಮನ್ಯಾಗ ಇದ್ರ ಒಂದಿಲ್ಲ ಒಂದಿನ ಒಲಿಗೆ ಹಾಕೇ ಹಾಕ್ತೇನಿ. ಮಳಿಗಾಲದಾಗ ಕಟಗಿ ಹಸಿ ಆದಾಗ ನಿನ್ನ ಕಡೆ ಬರ್ತೇನಿ. ದೀಪಾವಳಿಗಂತೂ ಬಂದ ಬರ್ತೇನಿ. ಒಂದ ಚಕ್ಕಿ ಕೊಡು ಅಂತೇನಿ, ಕೈ ಹಿಡಕೋತೇನಿ, ಅಳತೇನಿ. ಕೊಡಬ್ಯಾಡ.”

“ಬರೇ ಮೂಸಿ ತಿರುಗಿ ಕೊಡ್ತೇನಿ ಅಂದ್ರ ಏನ ಮಾಡ್ಲಿರಿ ದೊಡ್ಡವ್ವಾ?”

ಹಂಚಿನ ಮೇಲಿನ ರೊಟ್ಟಿ ಉಬ್ಬಿ, ನೋಡುವವರಿಲ್ಲದೆ ಇಳಿಯಿತು.

“ಅವಾಗ,” ಎಂದಳು ತಾಯವ್ವ, “ನೀ ಗಟ್ಟಿಯಾಗಿ ಹಿಡಕೊಂಡು ನನ್ನ ಮೂಗಿನ ಮುಂದ ತಾ. ನನ್ನ ಕೈಯಾಗ ಮಾತ್ರ ಕೊಡಬ್ಯಾಡ ನಮ್ಮವ್ವ.”